ಕಂಡವಳೇ ಕೂಗಬೇಕು

ಗದಗ
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಮೂವತ್ತೊಂದು

ನನ್ನ ಹಿರಿಯರಿಗೆ,

ತಾರೀಖು ನೋಡಿ, ಬರೆದವಳಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ತಿಂಗಳುಗಳನ್ನು ಹೊಸದಾಗಿ ಹಂಚಿದಾಗ, ಬಡವಾಗಿದ್ದ ಆ ತಿಂಗಳಿಗೆ ಅಕ್ಕಪಕ್ಕದ ತಿಂಗಳುಗಳಿಂದ ಒಂದೊಂದು ದಿನ ತೆಗೆದು ಕೊಟ್ಟರು. ಲೋಕದ ದೇಶಗಳೆಲ್ಲ ಜಗಳವಿಲ್ಲದೆ ಒಪ್ಪಿದ ಮೊದಲ ವಿಷಯ ಅದೇ ಎನ್ನುತ್ತಾರೆ. ಅಷ್ಟು ಸಣ್ಣದರಿಂದ ಎಲ್ಲ ಶುರುವಾಯಿತಂತೆ.

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಯಾವ ಗುರುಗಳಿಂದಲೂ ಕಲಿಯಲಿಲ್ಲ. ನಿಮ್ಮ ಹಳೆಯ ಸರ್ಕಾರಿ ಪ್ರಕಟಣೆಗಳನ್ನೂ ಸುದ್ದಿಗಳನ್ನೂ ಓದಿ ಕಲಿತೆ. ನಾನು ಶಾಲೆ ಬಿಟ್ಟವಳು. ಕೂತಲ್ಲಿ ಕೂರಲು ಆಗಲಿಲ್ಲ, ಅಷ್ಟೇ. ಅದಕ್ಕೆ ಬೇರೆ ಕಾರಣವಿದ್ದಂತೆ ಹೇಳಿಕೊಳ್ಳುವುದಿಲ್ಲ. ನನಗೆ ಹತ್ತೊಂಬತ್ತು ವರ್ಷ. ಈ ಸಾಲನ್ನು ಓದುತ್ತಿರುವವರು ಹತ್ತು ವರ್ಷದ ಹುಡುಗಿಯಾದರೂ ನನಗೆ ಮುತ್ತಜ್ಜಿಯ ಮುತ್ತಜ್ಜಿ. ಆದ್ದರಿಂದ ಎಲ್ಲರಿಗೂ ಶರಣು.

ನಾನು ಒರೆಗಾರ್ತಿ. ಈ ಪದ ನಿಮ್ಮಲ್ಲಿ ಇರಲಿಲ್ಲ. ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುವಂತೆ, ಒಂದು ದೇಶದ ಕಟ್ಟಳೆಯನ್ನು ನಮ್ಮ ಗರಜಿಗೆ, ಅಂದರೆ ನಮ್ಮ ಅಗತ್ಯಕ್ಕೆ, ಉಜ್ಜಿ ನೋಡಿ ಬರುವವರು ಒರೆಗಾರರು. ನಿಮ್ಮ ಕಾಲದಲ್ಲಿಯೂ ಒಂದು ದೇಶದ ಅಧಿಕಾರಿಗಳು ಇನ್ನೊಂದು ದೇಶಕ್ಕೆ ಹೋಗಿ ಬರುತ್ತಿದ್ದರೆಂದು ಓದಿದ್ದೇನೆ. ಅವರು ಕಚೇರಿ ನೋಡಿ, ಊಟ ಮಾಡಿ, ವರದಿ ಬರೆಯುತ್ತಿದ್ದರಂತೆ. ನಮ್ಮಲ್ಲಿ ಹೋಗುವವರು ಅತಿಥಿಯಾಗಿ ಹೋಗುವಂತಿಲ್ಲ, ಗರಜಿನವರಾಗಿ ಹೋಗಬೇಕು. ನಿಜವಾದ ಒಂದು ಸಂಕಟವನ್ನು ಹೊತ್ತುಕೊಂಡು, ಮೂರು ದೇಶಗಳ ಬಾಗಿಲಲ್ಲಿ ಅಲ್ಲಿಯವರಂತೆಯೇ ನಿಂತು, ಅವರು ಏನು ಮಾಡುತ್ತಾರೆ ನೋಡಿ ಬರಬೇಕು. ಊರಿನಲ್ಲಿ ಯಾರಿಗೆ ದೊಡ್ಡ ಗರಜು ಇದೆಯೋ ಅವರ ಮನೆಯವರೊಬ್ಬರು ಹೋಗುತ್ತಾರೆ. ನಾಲ್ಕನೆಯದಾಗಿ ಒಂದು ಕಾಲವನ್ನು ಒರೆಗೆ ಹಚ್ಚಿ ನೋಡಿ, ಆ ಕಾಲದವರಿಗೆ ಪತ್ರ ಬರೆಯಬೇಕೆಂಬುದು ರೂಢಿ. ನಾನು ನಿಮ್ಮ ಕಾಲವನ್ನು ಆರಿಸಿಕೊಂಡೆ. ಈ ಪತ್ರ ನಿಮಗೆ ಹೇಗೆ ತಲುಪುತ್ತದೆಂದು ಕೇಳಿದರೆ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ನನ್ನ ಅಭ್ಯಾಸ.

ನಮ್ಮ ಮನೆಯ ಗರಜು ಒಂದು ಕೂಸು.

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಫಕೀರವ್ವ ಸ್ಟೇಷನ್ನಿನ ಎದುರು ಖಾನಾವಳಿ ನಡೆಸುತ್ತಾಳೆ. ಜೋಳದ ರೊಟ್ಟಿ ಈಗಲೂ ಇದೆ, ಚಿಂತೆ ಮಾಡಬೇಡಿ. ವಾರಕ್ಕೊಮ್ಮೆ ಕಡಲಗಾಡಿ ಬರುತ್ತದೆ. ಕಡಲು ಮೇಲೆ ಬಂದ ಮೇಲೆ ದಂಡೆಯ ಊರುಗಳ ಜನರನ್ನು ಒಳನಾಡಿಗೆ ತರುವ ರೈಲು ಅದು. ಎರಡು ಮಳೆಗಾಲದ ಹಿಂದೆ ಆ ಗಾಡಿಯಿಂದ ಎಲ್ಲರೂ ಇಳಿದು ಹೋದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ, ನಮ್ಮ ಮಾತಿನಲ್ಲಿ ಫಲಾಟಿನ ಮೇಲೆ, ಒಂದು ಹೆಣ್ಣುಕೂಸು ಉಳಿದಿತ್ತು. ಮಾತಾಡುವ ವಯಸ್ಸು, ಆದರೆ ಮಾತಾಡಲಿಲ್ಲ. ಚಿಗವ್ವ ಎತ್ತಿಕೊಂಡು ಬಂದು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸಿ, ಬಂದವಳಾದ್ದರಿಂದ ಬಂದವ್ವ ಎಂದು ಹೆಸರಿಟ್ಟಳು. ಈಗ ಬಂದವ್ವ ಗಿರಾಕಿಗಳಿಗೆ ನೀರು ಕೊಡುತ್ತಾಳೆ, ಚಟ್ನಿ ಹೆಚ್ಚು ಕೇಳಿದವರನ್ನು ಗದರಿಸುತ್ತಾಳೆ. ಎಲ್ಲಿಂದ ಬಂದಳೆಂದು ಮಾತ್ರ ಅವಳಿಗೆ ನೆನಪಿಲ್ಲ.

ನಮ್ಮ ಕಟ್ಟಳೆಯ ಪ್ರಕಾರ, ಯಾರದೆಂದು ತಿಳಿಯದ ಕೂಸು ಎರಡು ಮಳೆಗಾಲ ಕಳೆದ ಮೇಲೆ ಯಾರಿಗೆಂದು ತೀರ್ಮಾನವಾಗಬೇಕು. ಆದರೆ ಕಂಡವರಿಗೆ ಕೂಸು ಸಿಗುವುದಿಲ್ಲ. ಕಂಡವರಿಗೇ ಕೊಟ್ಟರೆ ಕೂಸುಗಳನ್ನು ಕಾಣಲೆಂದೇ ಹೊರಡುವವರು ಹುಟ್ಟಿಕೊಳ್ಳುತ್ತಾರೆಂದು ಹಿಂದಿನವರು ಹೆದರಿದ್ದರು. ದೂರದ, ಪರಿಚಯವಿಲ್ಲದ ಮನೆಗೆ ಕೊಡುತ್ತಾರೆ. ಚಿಗವ್ವನಿಗೆ ಇದು ತಿಳಿದದ್ದು ಕೂಸಿಗೆ ಹೆಸರಿಟ್ಟ ಮೇಲೆ.

“ಕಂಡಾಕಿ ನಾನು, ಎತ್ತಿಕೊಂಡಾಕಿ ನಾನು,” ಎಂದಳು ನಾನು ಹೊರಡುವ ದಿನ. “ಮೂರು ದೇಶದಾಗ ಒಂದರಾಗರ ನನ್ನಂಥಾಕಿಗಿ ಕೂಸು ಕೊಟ್ಟಿರ್ತಾರ. ಆ ಕಟ್ಟಳೀನ ಕಟಗೊಂಡು ಬಾ. ಹೆಂಗೂ ನಿನ್ನ ಕಾಲು ಮನ್ಯಾಗ ನಿಲ್ಲೂದಿಲ್ಲ. ಒಂದಿನಾರ ಉಪಯೋಗಕ್ಕ ಬರಲಿ.”

ಮೊದಲು ಎಸ್ಟೋನಿಯಕ್ಕೆ ಹೋದೆ. ಅಲ್ಲಿ ನಾನು ಬೆರಗಾದದ್ದನ್ನು ಹೇಗೆ ಹೇಳಲಿ. ಅಲ್ಲಿ ಕಚೇರಿ ಎಂಬ ಕಟ್ಟಡವೇ ಇಲ್ಲ. ಸರ್ಕಾರ ಒಮ್ಮೆ ಕೇಳಿದ್ದನ್ನು ಯಾರಿಂದಲೂ ಎರಡನೆಯ ಸಲ ಕೇಳುವಂತಿಲ್ಲ. ಕೂಸೊಂದು ಒಂಟಿಯಾಯಿತೆಂದು ತಿಳಿದ ಕ್ಷಣದಿಂದ ದೇಶವೇ ಸದ್ದಿಲ್ಲದೆ ಎದ್ದು ಓಡಾಡುತ್ತದೆ. ಯಾರೂ ಅರ್ಜಿ ಹಾಕದೆ, ಯಾರೂ ಎಲ್ಲಿಯೂ ನಿಲ್ಲದೆ, ಒಂದು ಬೆಳಿಗ್ಗೆ ಕೂಸಿಗೆ ಮನೆ ಸಿದ್ಧವಾಗಿರುತ್ತದೆ. ಆ ಮನೆ ಸರಿಯಾದದ್ದೇ ಆಗಿರುತ್ತದೆ. ನಾನು ಹೋಗಿ ನೋಡಿದ ಮನೆಗಳಲ್ಲಿ ಕೂಸುಗಳು ನಗುತ್ತಿದ್ದವು. ಹಿಮ ಬೀಳುವಷ್ಟು ಮೆತ್ತಗೆ ಒಂದು ಸರ್ಕಾರ ಕೆಲಸ ಮಾಡಬಹುದೆಂದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ನನಗೆ ದಾರಿ ತೋರಿಸಿದವಳು ಲೀನೆ ಎಂಬ ಅಧಿಕಾರಿ. ನಾವು ಕಿವಿಯಲ್ಲಿ ಮಾತುಮಣಿ ಹಾಕಿಕೊಳ್ಳುತ್ತೇವೆ. ಯಾರು ಯಾವ ಭಾಷೆ ಆಡಿದರೂ ಅದು ನಮ್ಮ ಭಾಷೆಯಲ್ಲಿ ಕೇಳಿಸುತ್ತದೆ. ನನ್ನದಕ್ಕೆ ಮಾತು ಕಲಿಸಿದ್ದು ಚಿಗವ್ವನ ಖಾನಾವಳಿಯಲ್ಲಿ, ಆದ್ದರಿಂದ ಲೋಕವೆಲ್ಲ ನನ್ನೊಂದಿಗೆ ಗದಗಿನ ಗಿರಾಕಿಗಳಂತೆ ಮಾತಾಡುತ್ತದೆ.

“ಯಾರು ತೀರ್ಮಾನ ಮಾಡಿದ್ರು?” ಎಂದು ಕೇಳಿದೆ.

“ಒಬ್ಬರಲ್ಲವ್ವಾ, ಎಲ್ಲಾರೂ,” ಎಂದಳು ಲೀನೆ. “ನಾವು ತಲತಲಾಂತರದಿಂದ ಒಬ್ಬರನ್ನೊಬ್ಬರು ನಂಬಿಕೋತ ಬಂದೇವಿ. ಇದು ಅದರ ಹಣ್ಣು. ಹಣ್ಣು ಅಷ್ಟ ಕಿತ್ತುಕೊಂಡು ಹೋದ್ರ ನಿಮ್ಮೂರಾಗ ಗಿಡ ಹತ್ತೂದಿಲ್ಲ.”

ನನಗೆ ನಗು ಬಂತು. ಏಕೆಂದರೆ ನಾವು ಹಾಗೆ ಕಿತ್ತು ತಂದವರೇ. ನನ್ನ ಅಜ್ಜಿಯ ಕಾಲದಲ್ಲಿ ಗದಗಿನವರು ಈ ಸದ್ದಿಲ್ಲದ ಸರ್ಕಾರವನ್ನು ಇಡಿಯಾಗಿ ತಂದು ನೆಟ್ಟರು. ಕಚೇರಿಗಳನ್ನೆಲ್ಲ ಮುಚ್ಚಿದರು. ಎಲ್ಲ ಸರಿಯಾಗಿ ನಡೆಯಿತು. ಆದರೆ ಜನ ಬೆಳಿಗ್ಗೆ ಎದ್ದು, ಮುಚ್ಚಿದ ಕಚೇರಿಯ ಮುಂದೆ ಹೋಗಿ ಸಾಲಾಗಿ ನಿಲ್ಲತೊಡಗಿದರು. ಅವರ ಕೆಲಸ ಆಗಿತ್ತು, ಆದರೂ ನಿಂತರು. ಬೈಯಲು ಎದುರಿಗೆ ಒಂದು ಮುಖ ಇಲ್ಲದೆ, ಆದ ಕೆಲಸ ಆಯಿತೆಂದು ಅವರಿಗೆ ಅನ್ನಿಸಲಿಲ್ಲ. ಕೊನೆಗೆ ಸಾಲಿನವರೇ ಹಲಗೆ ತಂದು ಒಂದು ಕೌಂಟರ್ ಕಟ್ಟಿ, ಅದರ ಹಿಂದೆ ತಾಳ್ಮೆಯ ಮುದುಕನೊಬ್ಬನನ್ನು ಕೂರಿಸಿದರು. ಆ ಹುದ್ದೆಗೆ ಕೇಳುಗ ಎಂದು ಹೆಸರು. ಅದು ಇಂದಿಗೂ ಇದೆ. ಈಗಿನ ಕೇಳುಗ ಅಂದಾನಪ್ಪಜ್ಜ. ಯಾರು ಹೋದರೂ ಮೊದಲು ಕೇಳುವುದು ಒಂದೇ: “ಹೇಳಾಕ ಬಂದೀಯೋ, ಬೈಯಾಕ ಬಂದೀಯೋ? ಬೈಯಾಕಾದ್ರ ಸ್ವಲ್ಪ ತಡಿ, ಚಾ ಕುಡಿತೀನಿ.”

ಇದನ್ನು ಲೀನೆಗೂ ಹೇಳಿದೆ. ಅಂಥವನೊಬ್ಬ ತನ್ನ ಊರಿಗೂ ಬೇಕಿತ್ತು ಎಂದಳು. ಹಾಗೆ ಅವಳೂ ಏನನ್ನೋ ಒರೆಗೆ ಹಚ್ಚಿ ನೋಡಿಕೊಂಡಳೆಂದು ನನಗೆ ಸಂತೋಷವಾಯಿತು.

ಮಂಗೋಲಿಯದಲ್ಲಿ ಸರ್ಕಾರ ನಡೆದು ಬರುತ್ತದೆ. ಅಲ್ಲಿಯ ಜನ ಕುರಿಗಳ ಹಿಂದೆ ಹೋಗುವವರು. ಅವರ ಹಿಂದೆ ಕಚೇರಿ ಹೋಗುತ್ತದೆ. ಒಂದು ಕೂಸು ಯಾರ ಮನೆಯಲ್ಲಿ ಬೆಳೆಯಬೇಕೆಂದು ಹೇಳುವ ಮೊದಲು, ಅಧಿಕಾರಿ ಆ ಮನೆಯಲ್ಲಿ ಒಂದು ಚಳಿಗಾಲ ಇರಬೇಕು. ನೋಡಿ ಹೋಗುವುದಲ್ಲ, ಇರುವುದು. ನಾನು ಹೋದಾಗ ಓಯುನ್ ಎಂಬ ಹಿರಿಯ ಅಧಿಕಾರಿಣಿ, ನಾಲ್ಕು ಜಿಲ್ಲೆಗಳು ಅವಳ ಮಾತಿಗೆ ಕಾಯುವಂಥವಳು, ಒಂದು ಡೇರೆಯ ಮುಂದೆ ಕುರಿಹಿಕ್ಕೆಯ ಬೆರಣಿ ಒಟ್ಟುತ್ತಿದ್ದಳು. ಮನೆಯ ಯಜಮಾನಿ ಅವಳನ್ನು ಬೈಯುತ್ತಿದ್ದಳು. “ಹಸೀವ ಕೆಳಗ ಇಟ್ರ ಉರೀತಾವೇನ? ನಿಮ್ಮವ್ವ ಏನೂ ಕಲಿಸಿಲ್ಲೇನ ನಿನಗ?” ಎಂದು ಮಾತುಮಣಿಯಲ್ಲಿ ಕೇಳಿತು. ಓಯುನ್ ತಲೆ ತಗ್ಗಿಸಿ, ಮತ್ತೆ ಒಟ್ಟಿದಳು.

ನಾನು ಅವಳನ್ನು ಕೇಳಿದೆ: ಇಷ್ಟೆಲ್ಲ ಯಾಕೆ, ಒಳ್ಳೆಯವರೋ ಅಲ್ಲವೋ ಒಂದು ದಿನದಲ್ಲಿ ತಿಳಿಯುವುದಿಲ್ಲವೇ?

“ಒಂದಿನ ಎಲ್ಲಾರೂ ಒಳ್ಳೇವ್ರ,” ಎಂದಳು. “ಹಿಟ್ಟು ಮುಗಿಯೂ ದಿನ ನೋಡಬೇಕು. ಆವತ್ತು ಕೂಸಿನ ಬಟ್ಟಲಾಗ ಏನ್ ಬೀಳತೈತಿ ಅಂತ.”

ಅಂಥ ಬಯಲನ್ನು ನಾನು ನೋಡಿರಲಿಲ್ಲ. ಆಕಾಶ ನಾಲ್ಕೂ ಕಡೆ ನೆಲಕ್ಕೆ ತಾಗಿತ್ತು. ಅಷ್ಟು ದೊಡ್ಡ ಬಯಲಿನಲ್ಲಿ ಒಂದೇ ಒಂದು ಕೂಸಿಗಾಗಿ ಒಂದು ಸರ್ಕಾರ ಚಳಿಯಲ್ಲಿ ಕೂತಿದೆ ಎಂದು ಯೋಚಿಸಿದಾಗ ಕೂತಲ್ಲಿ ಕೂರದ ನಾನೂ ಕೂತೆ.

ಮೂರನೆಯದು ತೇಲುನಾಡು. ನಿಮ್ಮ ಭೂಪಟದಲ್ಲಿ ಅದು ಇಲ್ಲ. ಮುಳುಗಿದ ದ್ವೀಪಗಳ ಜನ ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಅದರ ಮೇಲೆ ಮಣ್ಣು ಹರಡಿ ಮಾಡಿಕೊಂಡ ದೇಶ. ಬೀದಿಗಳು ಅಲೆಯ ಮೇಲೆ ಮೆಲ್ಲಗೆ ಏರಿ ಇಳಿಯುತ್ತವೆ. ತೆಂಗಿನ ಗಿಡಗಳನ್ನು ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಗಾಳಿ ಜೋರಾದ ದಿನ ಊರಿನವರೆಲ್ಲ ಎದ್ದು ಊರನ್ನು ಬಿಗಿಯಾಗಿ ಕಟ್ಟುತ್ತಾರೆ. ಅಲ್ಲಿ ಹೆಚ್ಚಿನವರು ಒಬ್ಬರಿಗೊಬ್ಬರು ರಕ್ತಸಂಬಂಧಿಗಳಲ್ಲ. ಆದ್ದರಿಂದ ಅವರ ಕಟ್ಟಳೆ ಸರಳ: ನೀರಿನಲ್ಲಾಗಲಿ ದಂಡೆಯಲ್ಲಾಗಲಿ ಕೂಸನ್ನು ಕಂಡು ಎತ್ತಿಕೊಂಡವರದೇ ಆ ಕೂಸು. ಅಂದಿನಿಂದ, ಕೊನೆಯವರೆಗೆ. ಹಿಂದಿನದು ಮುಳುಗಿತು, ಮತ್ತೆ ಕೆದಕುವಂತಿಲ್ಲ.

ನಾನು ಕುಣಿದುಬಿಟ್ಟೆ. ಇದನ್ನೇ ಕಟ್ಟಿಕೊಂಡು ಬಾ ಎಂದಿದ್ದಳಲ್ಲವೇ ಚಿಗವ್ವ. ಕಂಡವರ ಮನೆಗಳಲ್ಲಿ ಇಳಿದುಕೊಂಡೆ. ಅಷ್ಟು ಪ್ರೀತಿಯನ್ನು ನಾನು ಬೇರೆಲ್ಲೂ ನೋಡಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಹಿಂದಿನವರು ಹೆದರಿದ್ದ ಹಾಗೆ ಕೂಸು ಕದಿಯುವವರನ್ನೂ ನಾನು ಕಾಣಲಿಲ್ಲ.

ಕಂಡದ್ದು ಬೇರೆ. ಅಲ್ಲಿಯ ಶಾಲೆಯ ಅಡುಗೆಮನೆಯಲ್ಲಿ ನೂರಿಯಾ ಎಂಬ ಹೆಂಗಸು ಗಂಜಿ ಬಡಿಸುತ್ತಿದ್ದಳು. ಒಬ್ಬ ಹುಡುಗನ ಬಟ್ಟಲಿಗೆ ಬಡಿಸುವಾಗ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು. ಅವನು ಅವಳು ಹೆತ್ತ ಮಗನೆಂದು ಎಲ್ಲರಿಗೂ ಗೊತ್ತಿತ್ತು, ಹುಡುಗನಿಗೊಬ್ಬನಿಗೇ ಗೊತ್ತಿರಲಿಲ್ಲ. ಬಿರುಗಾಳಿಯಲ್ಲಿ ಅವಳ ದೋಣಿ ಬೇರೆಯಾಗಿತ್ತು. ಅವಳು ಹುಡುಕಿಕೊಂಡು ಬರುವಷ್ಟರಲ್ಲಿ ಹುಡುಗನನ್ನು ಇನ್ನೊಬ್ಬರು ಕಂಡಿದ್ದರು. ಒಳ್ಳೆಯವರು, ಅವಳೇ ಹೇಳಿದಳು. ಕಟ್ಟಳೆಯ ಪ್ರಕಾರ ಅವಳು ಅವನಿಗೆ ಹೇಳುವಂತಿಲ್ಲ.

“ನಿಮಗ ಸಿಟ್ಟು ಬರೂದಿಲ್ಲೇನು?” ಎಂದೆ.

“ಯಾರ ಮ್ಯಾಲ ಬರಲೆವ್ವಾ? ಎತ್ತಿಕೊಂಡವರ ಮ್ಯಾಲೇನು? ಅವರು ಎತ್ತಿಕೊಳ್ಳಲಿಲ್ಲಂದ್ರ ಬಡಸಾಕ ಬಟ್ಟಲಾ ಎಲ್ಲಿತ್ತು?” ಎಂದು ನೂರಿಯಾ ಸೌಟು ತೊಳೆದಳು. “ಬಾಗಿಲಾ ಸ್ವಲ್ಪ ತೆರೆದಿಟ್ಟಿದ್ರ ಸಾಕಿತ್ತು.”

ನಾನು ಊರಿಗೆ ಮರಳಿದೆ.

ಇನ್ನು ಒರೆಕಟ್ಟೆಯ ವಿಷಯ. ಪ್ರತಿ ಊರಿನಲ್ಲಿ ಕಪ್ಪುಕಲ್ಲಿನ ಒಂದು ಕಟ್ಟೆ ಇರುತ್ತದೆ. ಮರಳಿ ಬಂದ ಒರೆಗಾರರು ಅದರ ಮೇಲೆ ಬರಿಗಾಲಲ್ಲಿ ನಿಂತು, ಮೊದಲು ತಮ್ಮ ಗರಜು ಏನೆಂದು ಹೇಳಬೇಕು. ನಂತರ ಕಂಡದ್ದನ್ನು ಹೇಳಬೇಕು. ಕೊನೆಗೆ ಎದುರೊರೆ ಹೇಳಬೇಕು, ಅಂದರೆ ತಮ್ಮ ಗರಜಿಗೆ ವಿರುದ್ಧವಾಗಿ ತಾವು ಕಂಡದ್ದನ್ನು ತಾವೇ ಹೇಳಬೇಕು. ಎದುರೊರೆ ಇಲ್ಲದಿದ್ದರೆ ಉಳಿದದ್ದೆಲ್ಲ ಸಲ್ಲದು. ಆದರೆ ಎದುರೊರೆ ಎಷ್ಟು ದೊಡ್ಡದಿರಬೇಕೆಂದು ಯಾರೂ ಅಳೆಯುವುದಿಲ್ಲ. ಅದನ್ನು ಹೇಳುವವರಿಗೇ ಬಿಟ್ಟಿದ್ದಾರೆ.

ನನ್ನ ಬಳಿ ಒಂದು ಸಣ್ಣದು ಸಿದ್ಧವಿತ್ತು. ತೇಲುನಾಡಿನ ಕಚೇರಿ ಅಲೆಗೆ ತೂಗಿ ನನಗೆ ವಾಂತಿಯಾಯಿತು ಎಂಬುದು. ಅದು ನಿಜವೇ. ಹೇಳಿದ್ದರೆ ಜನ ನಕ್ಕು ಒಪ್ಪಿಬಿಡುತ್ತಿದ್ದರು. ಬಂದವ್ವ ಅಂದೇ ಚಿಗವ್ವನದಾಗುತ್ತಿದ್ದಳು. ನೂರಿಯಾಳನ್ನು ಕಂಡವರು ನಮ್ಮೂರಲ್ಲಿ ನಾನೊಬ್ಬಳೇ.

ಚಿಗವ್ವ ಮುಂದಿನ ಸಾಲಿನಲ್ಲಿದ್ದಳು. ಬಂದವ್ವ ಅವಳ ತೊಡೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು, ಸಿಪ್ಪೆಯನ್ನು ಚಿಗವ್ವನ ಸೆರಗಿಗೆ ಹಾಕುತ್ತಿದ್ದಳು. ನಾನು ಗರಜು ಹೇಳಿದೆ. ಮೂರು ದೇಶಗಳನ್ನೂ ಹೇಳಿದೆ. ತೇಲುನಾಡಿನ ಕಟ್ಟಳೆ ಹೇಳಿದಾಗ ಜನರಲ್ಲಿ ಒಪ್ಪಿಗೆಯ ಸದ್ದು ಎದ್ದಿತು, ಚಿಗವ್ವನ ಮುಖ ಅರಳಿತು. ಎದುರೊರೆಗೆ ಬಾಯಿ ತೆರೆದೆ. ನೂರಿಯಾಳ ಕೈಯ ಬಗ್ಗೆ ಹೇಳಿದೆ. ನಡುವೆ ಚಿಗವ್ವನನ್ನು ನೋಡಲಿಲ್ಲ. ನೋಡಿದ್ದರೆ ವಾಂತಿಯ ಕಥೆಗೆ ಜಾರುತ್ತಿದ್ದೆನೋ ಏನೋ.

ಆಮೇಲೆ ಮಾತು ಶುರುವಾಯಿತು, ಕತ್ತಲಾಗುವವರೆಗೆ ನಡೆಯಿತು. ದೂರದ ಮನೆಗೆ ಕೊಡುವ ನಮ್ಮ ಹಳೆಯ ಕಟ್ಟಳೆಯೂ ಬಾಗಿಲು ಮುಚ್ಚುವಂಥದ್ದೇ ಎಂದು ಯಾರೋ ಹೇಳಿದರು. ಮೂರು ದೇಶಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ಒಂದು ಮಳೆಗಾಲದ ಮಟ್ಟಿಗೆ ಒಂದು ಕಟ್ಟಳೆ ನೆಟ್ಟು ನೋಡೋಣ ಎಂದಾಯಿತು. ಎಸ್ಟೋನಿಯದಂತೆ ಅರ್ಜಿಯಿಲ್ಲದೆ ಕೂಸು ಕಂಡವಳ ಹತ್ತಿರವೇ ಇರಲಿ. ಜಿಲ್ಲೆಯ ಅಧಿಕಾರಿಯೊಬ್ಬರು ಆ ಮನೆಯಲ್ಲಿ ಬಂದು ಇರಲಿ. ಆದರೆ ಕೂಸು ಇಂಥವರದೇ ಎಂದು ಮುದ್ರೆ ಬೀಳುವುದು ಬೇಡ. ಕಡಲಗಾಡಿ ಬಂದಾಗಲೆಲ್ಲ ಫಲಾಟಿನ ಮೇಲೆ ಕೂಸಿನ ವಿಷಯ ಕೂಗಿ ಹೇಳಬೇಕು, ಕೂಸು ಬೆಳೆದು ತನ್ನ ಮಾತು ತಾನು ಹೇಳುವವರೆಗೆ.

ಕೂಗುವವರು ಯಾರು ಎಂಬ ಪ್ರಶ್ನೆ ಬಂತು.

“ಅದಕ್ಕ ಸರ್ಕಾರದವರು ಅದಾರಲ್ಲ,” ಎಂದ ಅಂದಾನಪ್ಪಜ್ಜ.

ಆಗ ಚಿಗವ್ವ ಮೊದಲ ಸಲ ಬಾಯಿ ತೆರೆದಳು. “ಸರ್ಕಾರದವರು ಕೂಗಿದ್ರ ಯಾರು ಬರ್ತಾರಜ್ಜಾ? ಇದ್ದವರೂ ಓಡಿ ಹೋಗ್ತಾರ. ಕಂಡಾಕಿ ನಾನು. ನಾನ ಕೂಗ್ತೀನಿ.”

ಸೆರಗಿನ ಸಿಪ್ಪೆ ಕೊಡವಿ ಎದ್ದಳು. ನನ್ನನ್ನು ನೋಡಲಿಲ್ಲ. ಆ ವಾರವೆಲ್ಲ ಅವಳು ನನಗೆ ರೊಟ್ಟಿ ಬಡಿಸಿದಳು, ಮಾತಾಡಲಿಲ್ಲ.

ನಾಲ್ಕನೆಯ ಒರೆಗೆ ನಿಮ್ಮ ಕಾಲವನ್ನು ಓದಿದ್ದು ಆ ವಾರದಲ್ಲೇ. ನಿಮ್ಮ ಬಗ್ಗೆ ನಮ್ಮಲ್ಲಿ ಬೈದು ಮಾತಾಡುವವರೇ ಹೆಚ್ಚು. ಕಡಲನ್ನು ಮೇಲೆ ತಂದವರು ನೀವೆಂದು. ಅದು ಸುಳ್ಳಲ್ಲ, ನಾನು ಮುಚ್ಚುವುದಿಲ್ಲ. ಆದರೆ ನನ್ನ ಎದುರೊರೆಯನ್ನೂ ಹೇಳಬೇಕಲ್ಲ. ಕಾಡಿನ ನಡುವೆ ಒಬ್ಬನೇ ಮತದಾರನಿಗಾಗಿ ನೀವು ಮತಗಟ್ಟೆ ತೆರೆದಿದ್ದಿರಿ. ಎರಡು ಹನಿ ಲಸಿಕೆಗಾಗಿ ಹೆಂಗಸರು ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಮನೆಮನೆಗೆ ಹೋಗಿ, ಕೂಸುಗಳ ಕಿರುಬೆರಳಿಗೆ ಶಾಯಿ ಹಚ್ಚಿ, ಬಾಗಿಲ ಮೇಲೆ ಗುರುತು ಬರೆದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ದೇಶಗಳು ಅದೇ ಎರಡು ಹನಿಯನ್ನು ಹಾಕಿದವು. ಮಾತುಮಣಿ ಇರಲಿಲ್ಲ ನಿಮಗೆ. ಗುರುತಿಲ್ಲದವರ ಹಿಂದೆ ಬಿಸಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದಿರಿ. ಮುಂದಿನವರ ಕೆಲಸ ಆದರೆ ನಮ್ಮದೂ ಆದೀತು ಎಂಬ ನಂಬಿಕೆಯಷ್ಟೇ ನಿಮ್ಮ ಕೈಯಲ್ಲಿ ಇದ್ದದ್ದು. ಲೀನೆಯ ಊರಿನ ಹಣ್ಣಿಗೆ ಬೀಜ ಬಿದ್ದದ್ದು ಅಂಥ ಸಾಲುಗಳಲ್ಲಿಯೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಓದಿ ನಾನು ಬೆರಗಾದೆ. ನಾನು ಸುಲಭಕ್ಕೆ ತಲೆಬಾಗುವವಳಲ್ಲ.

ಇಂದು ಬೆಳಿಗ್ಗೆ ಕಡಲಗಾಡಿ ಬಂತು. ಚಿಗವ್ವನ ಮೊದಲ ಕೂಗು ಇಂದೇ. ಜಿಲ್ಲೆಯ ಅಧಿಕಾರಿಣಿ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹೋಗಿ ಹರಿಯುತ್ತ ಉಳಿದಳು. ಅವಳಿಗೆ ಬಡಿಯಲು ಇನ್ನೂ ಬಂದಿಲ್ಲ. ನಾನು ಫಲಾಟಿನ ಕಂಬದ ಹಿಂದೆ ನಿಂತೆ. ಜನ ಗಂಟುಮೂಟೆಗಳೊಂದಿಗೆ ಇಳಿಯುತ್ತಿದ್ದರು, ಗದ್ದಲವಿತ್ತು. ಚಿಗವ್ವ ಮೆಲ್ಲಗೆ ಕೂಗಬಹುದಿತ್ತು. ಕೂಗಿದೆ ಎಂದರೆ ಕೂಗಿದಂತೆಯೇ, ಯಾರೂ ದನಿಯನ್ನು ಅಳೆಯುವುದಿಲ್ಲ. ಅವಳು ಬಂದವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು, ಎಲ್ಲರಿಗೂ ಕಾಣುವಂತೆ ಸರಕಿನ ಪೆಟ್ಟಿಗೆಯೊಂದರ ಮೇಲೆ ಹತ್ತಿದಳು. ಖಾನಾವಳಿಯಲ್ಲಿ ಊಟದ ಹೊತ್ತಿಗೆ ಬೀದಿಯ ಕೊನೆಯವರೆಗೆ ಕೇಳುವ ಅವಳ ದನಿ ನಿಮಗೆ ಗೊತ್ತಿಲ್ಲ. ಇಂದು ಅದಕ್ಕಿಂತ ದೊಡ್ಡ ದನಿ ಬಂತು.

“ಈ ಕೂಸಿನವರು ಯಾರರ ಅದೀರೇನ್ರೀ? ಎರಡು ಮಳಿಗಾಲದ ಹಿಂದ, ಇದ ಗಾಡಿ. ಬಲಗಿವಿ ಹಿಂದ ಮಚ್ಚಿ ಐತಿ. ನೋಡ್ರಿ, ಮಾರಿ ನೋಡ್ರಿ. ಹೆದರಬ್ಯಾಡ್ರಿ, ಬರ್ರಿ.”

ಮೂರು ಸಲ ಕೂಗಿದಳು. ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಿ. ಜನ ನಿಂತು ನೋಡಿದರು. ಒಬ್ಬ ಹೆಂಗಸು ಹತ್ತಿರ ಬಂದು, ಕೂಸಿನ ಕಿವಿ ಮುಟ್ಟಿ, ತಲೆಯಾಡಿಸಿ ಹೋದಳು. ಕೂಸಿನವರು ಇಂದು ಯಾರೂ ಬರಲಿಲ್ಲ. ಚಿಗವ್ವ ಪೆಟ್ಟಿಗೆಯಿಂದ ಇಳಿಯಲಾಗದೆ ಕೈ ಚಾಚಿದಳು, ಕಂಬದ ಹಿಂದಿನಿಂದ ನಾನು ಹೋಗಿ ಹಿಡಿದೆ.

“ಕೇಳಿಸ್ತೇನ, ಕಟ್ಟಕಡೀ ಡಬ್ಬಿಗೆ?” ಎಂದಳು.

ಕೇಳಿಸಿತು ಎಂದೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಬಂದವ್ವನ ಹಿಂದಿನ ತಲೆಮಾರಿನವರು ನಿಮ್ಮ ಕಾಲದಲ್ಲಿ ಬದುಕಿದ್ದಾರೆ, ಯಾವುದೋ ದಂಡೆಯ ಊರಿನಲ್ಲಿ. ಇಲ್ಲಿ ನಾವು ಅವರನ್ನು ಹುಡುಕಲಾರೆವು. ನೀವು ಅವರ ಹಿಂದೆಯೇ ಸಾಲಿನಲ್ಲಿ ನಿಂತಿರಬಹುದು, ಇಲ್ಲವೇ ಕೌಂಟರಿನ ಆಚೆ ಕೂತು ಅವರ ಹೆಸರು ಕೇಳುತ್ತಿರಬಹುದು. ಅವರು ತಡವಾಗಿ ಬಂದಿದ್ದರೆ, ಸಮಯ ಮುಗಿಯಿತು ಎಂದು ಬಾಗಿಲು ಎಳೆಯುವ ಮುನ್ನ, ಹೊರಗೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಕೂಗಿ. ಸ್ವಲ್ಪ ಜೋರಾಗಿಯೇ ಕೂಗಿ.

ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳ ಕಾಲದವಳು,
ದ್ಯಾಮವ್ವ, ಫಕೀರವ್ವನ ಅಕ್ಕನ ಮಗಳು